ಕೂಗಿದರೆ ಓ ಎನ್ನದವಳು

"ಚಂದ್ರಮತಿ ಬಾಯೀ... ಎಲ್ಲಿದ್ದೀರೀ... ಓ ಕೊಡ್ರೀ..."

ಕಾವಲುಗಾರ ಸಾವಂತನ ಕೂಗು ಎದುರಿನ ಕರಿಬಂಡೆಗೆ ಬಡಿದು, ತಿರುಗಿ ಬಂದು, ಕೆಳಗಿನ ಕಾಡಿನೊಳಗೆ ಮುಳುಗಿತು. ಮುಸುವಗಳೆರಡು ಕೊಂಬೆ ಬದಲಿಸಿದವು. ಅಷ್ಟೇ.

ಸಾವಂತ ಕಿವಿಗೆ ಕೈ ಹಚ್ಚಿಕೊಂಡು ತುಸು ಹೊತ್ತು ನಿಂತ. ಆಮೇಲೆ ಬಗಲಲ್ಲಿದ್ದ ಹಸಿರು ಟೊಂಗೆಗಳ ಕಟ್ಟಿನಿಂದ ಒಂದನ್ನು ಹಿರಿದು ಆ ಗವಿಯ ಹೊಸ್ತಿಲ ಮೇಲಿಟ್ಟ. ಟೊಂಗೆ ಇಟ್ಟನೆಂದರೆ ಆ ಗವಿಯ ಲೆಕ್ಕ ಮುಗಿಯಿತು, ಒಳಗೆ ಯಾರೂ ಇಲ್ಲ.

"ಇದು ಎಪ್ಪತ್ತೊಂದನೆಯದು," ಎಂದ. ಅವನದು ಮರಾಠಿ. ಕಾಗವಾಡ, ಅಥಣಿ ಕಡೆಯ ಈ ಜನಕ್ಕೆ ಅದೇನು ಪರಭಾಷೆಯಲ್ಲ. "ಅಹೋ ಸಾಹೇಬ, ಗುಡ್ಡದ ಮೇಲೆ ನಿಮ್ಮ ಚಂದ್ರಮತಿ ಬಾಯಿ ಇಲ್ಲ. ಇದ್ದಿದ್ದರೆ ಇಷ್ಟು ಕೂಗಿಗೆ ಓ ಅನ್ನದೆ ಇರುತ್ತಿದ್ದರೇ? ಬೋರಿವಲಿ ಸ್ಟೇಷನ್ನಿಗೆ ಹೋಗಿ ಹುಡುಕಿ. ಆರು ಗಂಟೆಗೆ ಗೇಟು ಹಾಕುತ್ತೇವೆ. ಹೊತ್ತು ಮುಳುಗಿದ ಮೇಲೆ ಇಲ್ಲಿ ಚಿರತೆಯ ರಾಜ್ಯ."

ಗಂಟೆ ಆಗಲೇ ನಾಲ್ಕೂವರೆ. ಎಂಬತ್ತೇಳರ ಜನವರಿ ತಿಂಗಳು, ಬಿಸಿಲು ಬೇಗ ಬಣ್ಣಗೆಡುವ ಕಾಲ. ಕಾನ್ಹೇರಿ ಗವಿಗಳ ಆ ಬೋಳು ಬಂಡೆಯ ಮೇಲೆ ನಿಂತರೆ ಪಡುವಣಕ್ಕೆ ಮುಂಬಯಿಯ ಬಿಲ್ಡಿಂಗುಗಳು ಹೊಗೆಯೊಳಗೆ ಹಲ್ಲಿನಂತೆ ಕಾಣುತ್ತಿದ್ದವು. ಬೆನ್ನ ಹಿಂದೆ, ಮೂರೂ ದಿಕ್ಕಿಗೆ, ಬರೀ ಕಾಡು. ಲಕ್ಷಗಟ್ಟಲೆ ಜನ ರೈಲಿನಲ್ಲಿ ಜೋತುಬೀಳುವ ಊರಿಗೆ ಅಂಟಿಕೊಂಡೇ ಇಂಥದೊಂದು ನ್ಯಾಷನಲ್ ಪಾರ್ಕ್ ಇದೆಯೆಂದು ಮಲಕಾರಿಗೆ ಇವತ್ತು ಮುಂಜಾನೆಯವರೆಗೂ ಗೊತ್ತಿರಲಿಲ್ಲ.

ಮಲಕಾರಿ ಚಿಂಚಲಿಯವನು, ಅರವತ್ತು ದಾಟಿದವನು. ಓದು ಎರಡನೇ ಇಯತ್ತೆಗೆ ನಿಂತಿತ್ತು. ಆದರೆ ಮಣ್ಣಿನ ಮೇಲೆ ಬರೆದದ್ದನ್ನು ಓದುವುದರಲ್ಲಿ ರಾಯಬಾಗ, ಅಥಣಿ ತಾಲೂಕುಗಳಲ್ಲಿ ಅವನನ್ನು ಮೀರಿಸಿದವರಿಲ್ಲ. ಕಳುವಾದ ಎತ್ತಿನ ಹೆಜ್ಜೆ ಹಿಡಿದು ಕೃಷ್ಣೆ ದಾಟಿ ಮೀರಜಿನ ತನಕ ನಡೆದುಹೋಗಿ, ಎತ್ತಿನ ಕೊರಳಿಗೆ ಕೈ ಹಾಕಿ ತಂದವನು.

ಇವತ್ತು ಅವನು ಹುಡುಕುತ್ತಿದ್ದದ್ದು ಎತ್ತನ್ನಲ್ಲ.

ಕಳೆದ ವರ್ಷ ಬಾವಿಯಲ್ಲಿ ಹೆಣವಾಗಿ ಸಿಕ್ಕ ಬಾಪುಸಾಹೇಬರ ಹೆಂಡತಿ ಚಂದ್ರಮತಿ, ಅಂದಿನಿಂದ ಒಂದು ವರ್ಷ ಮೌನ ಹಿಡಿದಿದ್ದರು. ನಾಳೆ ಸೂರ್ಯೋದಯಕ್ಕೆ, ಇದೇ ಉದ್ಯಾನದೊಳಗಿನ ಬಸದಿಯಲ್ಲಿ, ಮೌನ ಮುರಿಯುವವರಿದ್ದರು. ಎಂಟು ದಿನಗಳ ಹಿಂದೆ ಪಾಟಿಯ ಮೇಲೆ ಅವರೇ ಬರೆದು ತೋರಿಸಿದ್ದರು: 'ಅವರ ಹಿಂದೆ ಬಾವಿಗೆ ಹೋದವರನ್ನು ನಾನು ಬಲ್ಲೆ. ಬರೆದು ಒರೆಸುವ ಮಾತಲ್ಲ ಅದು. ದೇವರೆದುರು ಬಾಯಿಂದಲೇ ಹೇಳುತ್ತೇನೆ.'

ಆ ಪಾಟಿಯನ್ನು ಓದಿದವರು ಮೂವರು. ಮೈದುನ ತಾತ್ಯಾಸಾಹೇಬ, ತಮ್ಮ ಭೂಪಾಲ, ಮಗಳು ಮಂಗಲ. ಆ ಮನೆಯ ಹಳೆಯ ಒಡನಾಡಿ ಮಲಕಾರಿಗೆ ಮಂಗಲ ಓದಿ ಹೇಳಿದ್ದಳು. ಆ ನಾಲ್ವರೂ ಈಗ ಇದೇ ಬಂಡೆಯ ಮೇಲೆ ನಿಂತಿದ್ದರು. ಚಂದ್ರಮತಿ ಒಬ್ಬರೇ ಇರಲಿಲ್ಲ.

"ನಂದ ತಪ್ಪು," ಎಂದು ಮಂಗಲ ಸೆರಗಿನ ಚುಂಗು ಹಲ್ಲಿನಲ್ಲಿ ಕಚ್ಚಿದಳು. ಇಪ್ಪತ್ತೆರಡರ ಹುಡುಗಿ. ಹತ್ತು ವರ್ಷ ಸಾಂಗ್ಲಿಯ ವಸತಿಗೃಹದಲ್ಲಿದ್ದು ಓದಿ ಬಂದವಳು. ಊರಲ್ಲಿ ಅವಳನ್ನು ನೋಡಿದ್ದಕ್ಕಿಂತ ಅವಳ ಸುದ್ದಿ ಕೇಳಿದ್ದೇ ಹೆಚ್ಚು. "ಶಾಲು ತರಾಕ ನಿನ್ನ ಕೆಳಗ ಕಳಿಸಬಾರದಿತ್ತು ಅಜ್ಜಾ. ಅವ್ವನ್ನ ಬಿಟ್ಟು ಹೋಗಬ್ಯಾಡಂತ ಹೇಳಿದಾಕೀನೂ ನಾನ, ಕಳಿಸಿದಾಕೀನೂ ನಾನ."

"ಹೋದಾಂವ ನಾನು," ಎಂದ ಮಲಕಾರಿ. "ನಿನ್ನ ತಪ್ಪು ಎಲ್ಲಿಂದ ಬಂತು?"

ಅರ್ಧ ತಾಸು. ಬರೀ ಅರ್ಧ ತಾಸು ಅವನು ತಾವು ಬಂದ ಮೆಟಾಡೋರ್ ವ್ಯಾನಿನ ಕಡೆ ಹೋಗಿದ್ದ. ತಿರುಗಿ ಬರುವಷ್ಟರಲ್ಲಿ ಇವರ ಕೂಗಾಟ ಸುರುವಾಗಿತ್ತು.

ತಾತ್ಯಾಸಾಹೇಬ ಕೈಗಡಿಯಾರ ನೋಡಿಕೊಂಡ. ಕಬ್ಬು, ದ್ರಾಕ್ಷಿ ಎರಡರ ಗತ್ತೂ ಮೈಯಲ್ಲಿದ್ದ ಮನುಷ್ಯ. ಕಾಲಲ್ಲಿ ಕರಕರ ಎನ್ನುವ ಕೊಲ್ಹಾಪುರಿ. "ಗಾರ್ಡ್ ಹೇಳೂದು ಖರೇ ಐತಿ. ಎರಡು ತಾಸು ಗಂಟಲು ಹರಕೊಂಡಿವಿ. ವೈನಿ ಇಲ್ಲಿದ್ರ ಓ ಅಂತಿದ್ರು. ನಡೀರಿ, ಪೊಲೀಸ್ ಚೌಕಿಗೆ ಹೋಗೂಣು."

ಓ ಅಂತಿದ್ರು.

ಆ ಮಾತು ಮಲಕಾರಿಯ ಕಿವಿಯಲ್ಲಿ ಮುಳ್ಳಿನಂತೆ ನಿಂತಿತು. ಅವನು ಕೆಳಗೆ ನೋಡಿದ. ಬಂಡೆಯ ಉದ್ದಕ್ಕೂ ಸಾಲು ಗವಿಗಳು, ಹೊಸ್ತಿಲು ಹೊಸ್ತಿಲಿಗೆ ಹಸಿರು ಟೊಂಗೆ. ಎಪ್ಪತ್ತೊಂದು ಟೊಂಗೆ.

"ಸಾವಂತರ," ಎಂದ ಮೆಲ್ಲಗೆ. "ಈ ಗವಿಗೋಳ ಒಳಗ ಹೊಕ್ಕು ನೋಡಿದ್ರೇನು?"

"ಒಳಗೆ ಹೊಕ್ಕು? ನೂರಕ್ಕೆ ಮೇಲೆ ಗವಿ ಇವೆ ಕಾಕಾ. ಒಂದೊಂದರ ಹಿಂದೆ ಎರಡೆರಡು ಖೋಲಿ, ಕತ್ತಲು. ಬಾಗಿಲಲ್ಲಿ ನಿಂತು ಕೂಗುತ್ತೇವೆ. ದಾರಿ ತಪ್ಪಿದವರು ಕೂಗಿಗೆ ಓಗೊಡುತ್ತಾರೆ. ಇಷ್ಟು ವರ್ಷ ಹೀಗೇ ಹುಡುಕಿದ್ದೇವೆ."

"ಈ ತಾಯಿ ಓ ಅನ್ನಾಕಿ ಅಲ್ರಿ."

"ಯಾಕೆ? ಕಿವುಡರೇ?"

"ಮೌನ ಹಿಡದಾರ. ನಾಳಿ ಹೊತ್ತು ಹುಟ್ಟೂ ತನಕ ಬಾಯಿ ತೆರಿಯಂಗಿಲ್ಲ. ಹುಲಿ ಬಂದು ಎದುರು ಕುಂತ್ರೂ ತೆರಿಯಂಗಿಲ್ಲ."

ಸಾವಂತ ಕೈಯಲ್ಲಿದ್ದ ಟೊಂಗೆಗಳನ್ನು ನೋಡಿದ. ಆಮೇಲೆ ಅವನ್ನು ರಪ್ಪನೆ ನೆಲಕ್ಕೆಸೆದ.

"ಅರೇ ದೇವಾ! ಮಧ್ಯಾಹ್ನದಿಂದ ನನ್ನ ಜತೆ ಕೂಗ್ತಿದ್ದೀರಲ್ಲ, ಒಬ್ಬರಿಗೂ ಹೇಳಬೇಕು ಅನ್ನಿಸಲಿಲ್ಲವೇ?"

ಹೇಳಬೇಕು ಎಂದು ಒಬ್ಬರಿಗೂ ಹೊಳೆದೇ ಇರಲಿಲ್ಲ. ಒಂದು ವರ್ಷ ಆ ಹೆಂಗಸಿನ ಸುತ್ತ ಅವರೆಲ್ಲ ಮಾತಾಡಿಕೊಂಡು, ತಾವೇ ಕೇಳಿ ತಾವೇ ಉತ್ತರ ಹೇಳಿಕೊಂಡು ಬದುಕಿದ್ದರು. ಮನೆಯ ಗೋಡೆ ಮಾತಾಡದಿರುವುದು ಎಷ್ಟು ಸಹಜವೋ ಅಷ್ಟೇ ಸಹಜವಾಗಿತ್ತು ಚಂದ್ರಮತಿಯ ಮೌನ. ಗಾರ್ಡ್ ಕೂಗು ಎಂದ, ಕೂಗಿದರು.

ಎಪ್ಪತ್ತೊಂದು ಗವಿಗಳೂ ಮತ್ತೆ ಹೊಸದಾದವು. ಇದ್ದದ್ದು ಒಂದೂವರೆ ತಾಸಿನ ಬೆಳಕು.

ಮಲಕಾರಿ ಕೈ ಚಾಚಿದ. "ಭೂಪಾಲಣ್ಣ, ಆ ತಂಬಿಗಿ ಕೊಡ್ರಿ. ಒಂದು ಗುಟುಕು ನೀರು ಕುಡೀತೀನಿ."

ಭೂಪಾಲ ಚಂದ್ರಮತಿಯ ಬೆನ್ನಿಗೆ ಬಿದ್ದ ತಮ್ಮ. ಹದಿನೈದು ವರ್ಷಗಳಿಂದ ದಾದರಿನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ಕಾಲಿಗೆ ಲೇಸು ಕಟ್ಟುವ ಬೂಟು. ಮುಂಬಯಿ ತೋರಿಸುವ ಯಜಮಾನಿಕೆ ಅವನದೇ ಆಗಿತ್ತು. ಅಕ್ಕನ ಹಿತ್ತಾಳೆ ತಂಬಿಗೆ ಮಧ್ಯಾಹ್ನದಿಂದ ಅವನ ಕೈಯಲ್ಲೇ ಇತ್ತು. ನೆಲಕ್ಕಿಡದೆ, ಯಾರಿಗೂ ಕೊಡದೆ ಹಿಡಿದುಕೊಂಡೇ ತಿರುಗಿದ್ದ. ಈಗಲೂ ಕೊಡಲು ತುಸು ತಡ ಮಾಡಿದ.

ತಂಬಿಗೆಯ ಬಾಯಿಗೆ ಎರಡು ಮಡಿಕೆಯ ಬಿಳಿ ಬಟ್ಟೆ ಕಟ್ಟಿತ್ತು. ಬಿಚ್ಚಲು ಹೋದ ಮಲಕಾರಿಯ ಬೆರಳು ಅಲ್ಲೇ ನಿಂತವು.

ಬಟ್ಟೆ ಇನ್ನೂ ಹಸಿಯಾಗಿತ್ತು. ಅದರ ಮೇಲ್ಮೈ ನಡುವೆ ಹಸಿರು ಪಾಚಿಯ ನಾಲ್ಕು ಎಳೆ. ಆ ಎಳೆಗಳೊಳಗೆ ಕೂದಲಿಗಿಂತ ತೆಳ್ಳಗಿನ ಎರಡು ಹುಳ. ಒಂದು ಇನ್ನೂ ಮಿಸುಕಾಡುತ್ತಿತ್ತು.

ಅವನ ಬಾಯಾರಿಕೆ ಹೋಯಿತು.

"ಭೂಪಾಲಣ್ಣ, ಅಕ್ಕಾರು ಈ ನೀರು ಸೋಸಿದ್ದು ಎಲ್ಲಿ?"

"ಹೇಳಿದ್ನೆಲ್ಲೋ. ಕೆಳಗ, ಟಿಕೀಟ ಖೋಲಿ ಹತ್ರ ನಳ ಐತಲ್ಲ, ಅಲ್ಲಿ."

"ಸೋಸಿ?"

"ಸೋಸಿ, ತಂಬಿಗಿ ನನ್ನ ಕೈಯಾಗ ಕೊಟ್ಟು, ಗಾಡಿ ಕಡೆ ಹೊಂಟೀನಂತ ಕೈ ಮಾಡಿ ಹೋದ್ಲು. ನೂರು ಸಲ ಹೇಳ್ಲೇನು?"

"ನೂರು ಬ್ಯಾಡ್ರಿ. ಇನ್ನೊಂದು ಸಲ ಸಾಕು. ಈ ಬಟ್ಟಿ ನೋಡಿಕೋಂತ ಹೇಳ್ರಿ."

ಭೂಪಾಲ ಬಟ್ಟೆಯನ್ನು ನೋಡಿದ. ನೋಡಿದವನೇ ಕಣ್ಣು ಸರಿಸಿದ.

"ಏನದು ಬಟ್ಟೆಯಲ್ಲಿ?" ಸಾವಂತ ಬಗ್ಗಿದ.

ಮಲಕಾರಿ ಅವನಿಗೆ ನಿಧಾನವಾಗಿ ಹೇಳಿದ. ಕಾಲದ ಅಭಾವವಿದ್ದರೂ ನಿಧಾನವಾಗಿಯೇ ಹೇಳಿದ, ಏಕೆಂದರೆ ಅವನು ಹೇಳುತ್ತಿದ್ದದ್ದು ಸಾವಂತನಿಗಲ್ಲ. "ಇವ್ರು ಜೈನರು, ಸೋಸಲಾರದ ನೀರು ಕುಡಿಯಂಗಿಲ್ರಿ. ಸೋಸಿದ ಮ್ಯಾಲ ಬಟ್ಟಿ ಮ್ಯಾಲ ಉಳದ ಹುಳಾ ಹುಪ್ಪಡಿ ಐತೆಲ್ಲ, ಅದನ್ನ ಝಾಡಿಸಿ ಒಗಿಯಂಗಿಲ್ಲ. ಬಟ್ಟಿ ತಿರುವಿ, ಸೋಸಿದ ನೀರು ಹಾಕಿ, ಯಾ ನೀರಿಂದ ಬಂದಿತ್ತೋ ಅದ ನೀರಿಗೆ ಮೆಲ್ಲಕ ಬಿಡಬೇಕು. ಬ್ಯಾರೆ ನೀರಿಗೆ ಬಿಟ್ರ ಆ ಜೀವ ಬದುಕೂದಿಲ್ಲಂತ. ಒಂದ್ಸಲ ಕುಡಚಿ ಸ್ಟ್ಯಾಂಡಿನ್ಯಾಗ ಈ ತಾಯಿ ಬಾವಿ ನೀರು ಸೋಸಾಕತ್ತಿದ್ರು, ಬಸ್ಸು ಬಿಡಾಕತ್ತು. ಡ್ರೈವರ್ ಹಾರ್ನ್ ಹೊಡೀತಾನ, ಕಂಡಕ್ಟರ್ ಬೈತಾನ, ಬಸ್ಸಿನ ತುಂಬ ಮಂದಿ ಒದರ್ತಾರ. ಇವ್ರು ಬಾವಿಗೆ ತಿರುಗಿ ಹೋಗಿ, ಕುಂತು, ಬಟ್ಟಿ ತೊಳದು ಬಂದ್ರು. ನಾನು ಬಸ್ಸಿನ ಮುಂದ ಕೈ ಚಾಚಿ ನಿಂತಿದ್ನಿ."

ಮಂಗಲಳ ಮೋರೆಯಲ್ಲಿ ಒಂದು ನಗು ಬಂದು ಹೋಯಿತು. ಭೂಪಾಲನ ಮೋರೆಯಲ್ಲಿ ಬೆವರಿತ್ತು.

"ನಳದ ನೀರಿನ್ಯಾಗ ಪಾಚಿ ಇರೂದಿಲ್ಲ ಭೂಪಾಲಣ್ಣ. ಇದು ಮ್ಯಾಲಿನ ಕಲ್ಲುತೊಟ್ಟಿ ನೀರು. ಅಕ್ಕಾರು ಬಟ್ಟಿ ತೊಳೀಲಾರದ ತೊಟ್ಟಿ ಬಿಟ್ಟು ಎದ್ದಾರ. ಹಂಗ ಏಳಬೇಕಾದ್ರ ಅವರಿಗೆ ಏನೋ ಆಗೇತಿ. ಏನಾತು?"

"ಏನೂ ಆಗಿಲ್ಲ."

"ನೀವು ಅವ್ರ ತಮ್ಮ. ಹೊತ್ತು ಇಳ್ಯಾಕತ್ತೈತಿ."

"ಏನೂ ಆಗಿಲ್ಲಂದ್ನೆಲ್ಲ! ನಾ ಏನ ಆಕೀನ ದೂಡೀನೇನು?"

"ದೂಡೀರಂತ ಯಾರೂ ಅಂದಿಲ್ಲ," ಎಂದ ಮಲಕಾರಿ.

ಭೂಪಾಲ ಬಂಡೆಯ ಮೇಲೆ ಕುಸಿದು ಕುಳಿತ. ಎರಡು ಕೈಯಲ್ಲಿ ತಲೆ ಹಿಡಿದುಕೊಂಡ.

"ಆಕೀನ ಹೇಳಂದ್ಲು. ಕೈ ಸನ್ನಿ ಮಾಡಿ. ತೊಟ್ಟಿ ಹತ್ರ ಕುಂತು ನೀರು ಸೋಸಾಕತ್ತಿದ್ಲು. ನಾ ಎದುರಿಗೆ, ಇಳಿಜಾರಿಗೆ ಬೆನ್ನು ಮಾಡಿ ನಿಂತಿದ್ನಿ. ಒಮ್ಮಿಂದೊಮ್ಮಿಗೆ ನನ್ನ ಹೆಗಲ ಮ್ಯಾಲಿಂದ ಕೆಳಗ ನೋಡಿ ಎದ್ದು ನಿಂತ್ಲು. ಮಾರಿ ಸುಣ್ಣದಂಗ ಆಗಿತ್ತು ಮಲಕಾರಿ. ತಂಬಿಗಿ ನನ್ನ ಕೈಯಾಗ ತುರುಕಿದ್ಲು. ಗಾಡಿ ಕಡೆ ಹೋಗ್ಯಾಳಂತ ಹೇಳು, ಯಾರು ಕೇಳಿದ್ರೂ ಹಂಗ ಹೇಳು, ಅಂತ ಸನ್ನಿ ಮಾಡಿ, ಕೈ ಮುಗದು... ನನಗ ಕೈ ಮುಗದ್ಲೋ, ಅಕ್ಕಾ... ಮ್ಯಾಲ ಓಡಿ ಹೋದ್ಲು."

"ಕೆಳಗ ಯಾರಿದ್ರು?"

"ನಾ ತಿರುಗಿ ನೋಡಿದ್ನಿ. ಸಾಲಿ ಹುಡುಗೂರು ಒಂದು ಹಿಂಡು ಹೊಂಟಿತ್ತು. ಆಮ್ಯಾಲ ನಮ್ಮವ್ರು. ಆ ದೊಡ್ಡ ಬುದ್ಧನ ಮೂರ್ತಿ ಹತ್ರ ತಾತ್ಯಾಸಾಹೇಬ್ರು ಮಂಗಲಾಗ ಏನೋ ತೋರಸಾಕತ್ತಿದ್ರು."

ಎಲ್ಲರ ಕಣ್ಣೂ ತಾತ್ಯಾಸಾಹೇಬನ ಕಡೆ ತಿರುಗಿದವು. ಅವನ ಕುತ್ತಿಗೆಯ ನರ ಉಬ್ಬಿತು.

"ಏನಂದಿ ಲೇ? ನನ್ನ ನೋಡಿ ಅಂಜಿ ಓಡಿದ್ಲಂತೀ ಏನು? ಅಣ್ಣ ಸತ್ತ ಮ್ಯಾಲ ಆಕೀ ಮನಿ ನಡಿಸಿದಾಂವ ನಾನು! ಎರಡು ತಾಸು ಸುಳ್ಳು ಹೇಳಿ ನಮ್ಮನ್ನ ಗುಡ್ಡದ ತುಂಬ ತಿರುಗಿಸಿದಾಂವ ನೀನು! ನಿನ್ನ ಮೊದಲು ಚೌಕಿಗೆ ಒಯ್ಯಬೇಕು."

"ಬೈಯೂದು ಆಮ್ಯಾಲ ಬೈರಿ ಸಾಹೇಬ್ರ," ಎಂದ ಮಲಕಾರಿ. "ನೀವು ಗೇಟಿಗೆ ಹೋಗ್ರಿ. ಮಂದಿ ಒಳಗ ಅದಾರ, ಗೇಟು ಹಾಕಬ್ಯಾಡ್ರಂತ ಹೇಳ್ರಿ. ಬ್ಯಾಟರಿ ಇಸಕೊಂಡು ಅಲ್ಲೇ ನಿಂದರ್ರಿ."

"ನನ್ನ ದೂರ ಸರಿಸಾಕ ಹೊಂಟೀ ಏನು?"

"ಹೌದ್ರಿ."

ಇಷ್ಟು ನೇರವಾದ ಮಾತನ್ನು ತಾತ್ಯಾಸಾಹೇಬ ತನ್ನ ಹೊಲದಲ್ಲಿ ಎಂದೂ ಕೇಳಿರಲಿಲ್ಲ. ಒಂದು ಗಳಿಗೆ ಮಲಕಾರಿಯನ್ನು ದಿಟ್ಟಿಸಿದ. ಆಮೇಲೆ ಕೊಲ್ಹಾಪುರಿ ಕರಕರ ಎನ್ನಿಸುತ್ತ ಇಳಿದು ಹೋದ. ಆ ಸದ್ದು ಪೂರಾ ಅಡಗುವ ತನಕ ಮಲಕಾರಿ ಅಲುಗಲಿಲ್ಲ.

"ಇನ್ನ ಯಾರೂ ಕೂಗಬ್ಯಾಡ್ರಿ," ಎಂದ. "ಅಕ್ಕಾರು ದಾರಿ ತಪ್ಪಿಲ್ಲ. ಅಡಗ್ಯಾರ. ನಾವು ಕೂಗಿದಂಗೆಲ್ಲ ಇನ್ನಷ್ಟು ಒಳಗ ಸರೀತಾರ."

"ನಾ ಬರ್ತೀನಿ ಅಜ್ಜಾ," ಎಂದಳು ಮಂಗಲ. "ನಾ ಮ್ಯಾಲ ಬಂದ ಇಲ್ಲ, ಮೂರ್ತಿ ಹತ್ರನ ಇದ್ನಿ. ಮುಂಚೇನ ಬಂದಿದ್ರ... ನನ್ನ ನೋಡಿದ್ರ ಅವ್ವಗ ಧೈರ್ಯ ಬರ್ತೈತಿ."

ನಾಲ್ವರೂ ಹತ್ತಿದರು. ಬಂಡೆಯಲ್ಲೇ ಕಡೆದ ಮೆಟ್ಟಿಲು, ಸವೆದು ನುಣುಪಾದದ್ದು. ಕಲ್ಲಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಮಲಕಾರಿಯನ್ನು ಈ ಊರಿನ ನೆಲ ಮುಂಜಾನೆಯಿಂದಲೂ ಕುರುಡು ಮಾಡಿತ್ತು. ಸ್ಟೇಷನ್ನಿನಲ್ಲಿ ಸಿಮೆಂಟು, ರಸ್ತೆಯಲ್ಲಿ ಡಾಂಬರು, ಇಲ್ಲಿ ಕಲ್ಲು. ಜೊತೆಗೆ ನಡೆದವರ ಹೆಜ್ಜೆಯನ್ನು ಕೂಡ ಅವನು ಕಂಡಿರಲಿಲ್ಲ.

ತೊಟ್ಟಿ ಸಿಕ್ಕಿತು. ಗವಿಯೊಂದರ ಮಗ್ಗುಲಲ್ಲಿ ಬಂಡೆ ಕೊರೆದು ಮಾಡಿದ ಚೌಕ ಬಾಯಿ, ಒಳಗೆ ಕರಿ ನೀರು, ಅಂಚಿಗೆ ಅದೇ ಹಸಿರು ಪಾಚಿ. ಸಾವಂತ ಉದ್ದನೆಯ ಕೋಲು ಇಳಿಬಿಟ್ಟು ನಾಲ್ಕೂ ಮೂಲೆ ಕಲಕಿದ. ಮಂಗಲ ಕಣ್ಣು ಮುಚ್ಚಿಕೊಂಡಳು. ಕೋಲಿಗೆ ಕೆಸರು ಬಿಟ್ಟು ಬೇರೇನೂ ತಾಗಲಿಲ್ಲ.

ಮಲಕಾರಿ ತಂಬಿಗೆಯ ಬಟ್ಟೆ ಬಿಚ್ಚಿ, ತಿರುವಿ ಹಿಡಿದು, ನೀರು ಸುರಿದ. ಪಾಚಿಯೂ ಹುಳಗಳೂ ತಮ್ಮ ನೀರಿಗೆ ಜಾರಿದವು. ಅವನ ಜಾತಿಯಲ್ಲಿ ಈ ಪದ್ಧತಿ ಇರಲಿಲ್ಲ. ಆದರೂ ಚಂದ್ರಮತಿಯ ಪರವಾಗಿ ಇದೊಂದನ್ನು ಮಾಡದೆ ಮುಂದೆ ಹೋಗಲು ಕಾಲು ಬರಲಿಲ್ಲ.

ತೊಟ್ಟಿಯಿಂದ ಮೇಲಕ್ಕೆ ಮೆಟ್ಟಿಲು ಮುಗಿದು ಒಂದು ಸಣ್ಣ ಕಾಲುದಾರಿ ಸುರುವಾಗುತ್ತಿತ್ತು. ಅಲ್ಲಿ, ಹೊರಳಿ ನಿಂತ ಮರವೊಂದರ ಬುಡದಲ್ಲಿ, ಅಂಗೈಯಗಲದ ಧೂಳು. ಮಲಕಾರಿ ಮೊಣಕಾಲೂರಿದ.

ಬರಿಗಾಲು. ಸಣ್ಣದು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಓಡಿದ ಕಾಲು.

"ಅಕ್ಕಾರದು," ಎಂದ.

ಆಮೇಲೆ ಎರಡನೆಯದನ್ನು ಕಂಡ.

ಅದು ಚಂದ್ರಮತಿಯ ಹೆಜ್ಜೆಯನ್ನು ಅರ್ಧ ತುಳಿದು ಬಿದ್ದಿತ್ತು. ಅಂದರೆ ಆಮೇಲೆ ಬಂದದ್ದು. ರಬ್ಬರ್ ಚಪ್ಪಲಿಯ ಗುರುತು. ಎಡಗಾಲು. ಮುಂಗಾಲಷ್ಟೇ ಧೂಳಿನಲ್ಲಿ, ಹಿಮ್ಮಡಿ ಕಲ್ಲಿನ ಮೇಲೆ ಬಿದ್ದು ಹೋಗಿತ್ತು. ಗಂಡಸಿನದೋ ಹೆಂಗಸಿನದೋ ಹೇಳುವಂತಿರಲಿಲ್ಲ. ಹೊರಕ್ಕೆ ಒದ್ದಂತೆ ಇಟ್ಟ ಪಾದ. ಹೆಬ್ಬೆರಳ ಜಾಗ ಮಾತ್ರ ನೆಲ ಕಚ್ಚಿ ಆಳಕ್ಕಿಳಿದಿತ್ತು.

ಮಲಕಾರಿ ಇನ್ನಷ್ಟು ಬಗ್ಗಿ ನೋಡಿದ.

ಈ ಕಾಲನ್ನು ಅವನು ಬಲ್ಲ.

ವರ್ಷದ ಕೆಳಗೆ, ಬಾಪುಸಾಹೇಬರ ತೋಟದ ಹಸಿ ಮಣ್ಣಿನಲ್ಲಿ, ಬಾವಿಯ ಕಡೆ ಹೋದ ಒಂದೇ ಒಂದು ಸಾಲು ಹೆಜ್ಜೆ. ಎಡಗಾಲು ಹೊರಕ್ಕೆ, ಹೆಬ್ಬೆರಳು ಆಳಕ್ಕೆ, ನಡಿಗೆ ಗಿಡ್ಡ. ಬಾವಿಯ ದಂಡೆಯ ಮೇಲೆ ಬಾಪುಸಾಹೇಬರ ಚಪ್ಪಲಿ ಇದ್ದವು. ಚಪ್ಪಲಿ ತಂದು ಹೆಜ್ಜೆಗೆ ಇಟ್ಟು ನೋಡಿದ್ದ. ಎಳ್ಳಷ್ಟೂ ಹೆಚ್ಚುಕಡಿಮೆ ಇರಲಿಲ್ಲ. 'ಸಾಹೇಬ್ರು ಒಬ್ಬರ ಹೋಗ್ಯಾರ್ರಿ, ಬ್ಯಾರೆ ಯಾರೂ ಹೋಗಿಲ್ಲ' ಎಂದು ಪೊಲೀಸರೆದುರು ಹೇಳಿದವನು ಅವನೇ. ಆ ಮಾತಿಗೆ ಹೆಬ್ಬೆಟ್ಟು ಒತ್ತಿದವನೂ ಅವನೇ. ಕೇಸು ಅಲ್ಲಿಗೆ ಮುಗಿದಿತ್ತು.

ನಡಿಗೆ ಯಾಕೆ ಗಿಡ್ಡ ಎಂದು ಫೌಜದಾರ ಕೇಳಿದ್ದ. ಮನಸಿನ್ಯಾಗ ಭಾರ ಇತ್ತೇನೋ ಎಂದಿದ್ದ ಮಲಕಾರಿ.

ಸತ್ತ ಮನುಷ್ಯ ಮುಂಬಯಿಯ ಗುಡ್ಡ ಹತ್ತುವುದಿಲ್ಲ. ಹಾಗಾದರೆ ಅವತ್ತು ಬಾಪುಸಾಹೇಬರ ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋದ ಕಾಲು ಬಾಪುಸಾಹೇಬರದಲ್ಲ. ಅವರು ತೋಟ ಒಣಗಿದ್ದಾಗಲೇ ಬರಿಗಾಲಲ್ಲಿ ಬಾವಿಗೆ ಹೋಗಿರಬೇಕು, ಹಿಂದೆ ಹೋದವರು ನೀರು ಹಾಯಿಸಿದ ಮೇಲೆ ಹೋಗಿ, ಚಪ್ಪಲಿ ದಂಡೆಗೆ ಬಿಟ್ಟು, ಕಾಲುವೆಯ ನೀರಲ್ಲಿ ತಿರುಗಿರಬೇಕು. ಬಾಪುಸಾಹೇಬರು ಹೇಗೆ ನಡೆಯುತ್ತಿದ್ದರು? ಎಷ್ಟು ಎತ್ತುಗಳ ಹಿಂದೆ ಅವರಿಬ್ಬರೂ ಕೂಡಿ ನಡೆದಿದ್ದರು, ಎಷ್ಟು ಹೊಲದ ಬದು, ಎಷ್ಟು ಹೊಳೆಯ ಮರಳು! ಕೂರಿಗೆ ಹೊಡೆದಂತೆ ನೆಟ್ಟಗೆ ನಡೆಯುತ್ತಿದ್ದ ಮನುಷ್ಯ. ಅದನ್ನು ಮರೆತು ಚಪ್ಪಲಿ ನೋಡಿದ್ದ. ಅವತ್ತು ಅವನ ಕಣ್ಣಲ್ಲಿ ನೀರು ತುಂಬಿತ್ತು. ನೀರು ತುಂಬಿದ ಕಣ್ಣಿನಿಂದ ಹೆಜ್ಜೆ ಓದಬಾರದಿತ್ತು.

"ಏನು ಕಾಣಿಸಿತು ಕಾಕಾ?" ಸಾವಂತ ಕೇಳಿದ.

"ಅಕ್ಕಾರ ಬೆನ್ನ ಹಿಂದ ಒಬ್ರು ಹೋಗ್ಯಾರ," ಎಂದ. ಉಳಿದದ್ದನ್ನು ಹೇಳಲಿಲ್ಲ.

ಜೊತೆ ಬಂದ ಗಂಡಸರ ಕಾಲುಗಳನ್ನು ಮನಸ್ಸಿನಲ್ಲೇ ಸಾಲು ಹಚ್ಚಿದ. ತಾತ್ಯಾಸಾಹೇಬನದು ಕೊಲ್ಹಾಪುರಿ, ಚೌಕ ಅಟ್ಟೆ. ಭೂಪಾಲನದು ಹಲ್ಲು ಹಲ್ಲಿನ ಅಟ್ಟೆಯ ಬೂಟು. ಇಬ್ಬರೂ ಅಲ್ಲ. ಹಾಗಾದರೆ ಊರಿನಿಂದ ಇನ್ನೊಬ್ಬ ಬಂದಿದ್ದಾನೆ. ಅದೇ ರೈಲಿನಲ್ಲೋ, ಹಿಂದಿನದರಲ್ಲೋ. ಗುರುತಿಲ್ಲದ ಒಬ್ಬ, ಈ ಗುಡ್ಡದ ಮೇಲೆ, ಈ ಗಳಿಗೆಯಲ್ಲಿ.

ಪೊದೆಯಲ್ಲಿ ತರಗೆಲೆ ಸರಿದರೆ ತಿರುಗಿ ನೋಡಿದ. ಮುಸುವ.

ಹೊತ್ತು ಮರದ ತುದಿಗೆ ಇಳಿದಿತ್ತು. ಮುಂದೆ ಹೆಜ್ಜೆ ಸಿಕ್ಕಲ್ಲಿ ಹಿಡಿಯುತ್ತ, ಸಿಗದಲ್ಲಿ ಮುರಿದ ಹುಲ್ಲು ನೋಡುತ್ತ ಹೋದ. ರಬ್ಬರ್ ಚಪ್ಪಲಿಯ ಗುರುತು ಒಂದು ಕವಲಿನ ತನಕ ಬಂದು, ಅಲ್ಲಿ ಎರಡು ಸಲ ಅತ್ತಿತ್ತ ತಿರುಗಾಡಿ, ಹಿಂದಕ್ಕೆ ಹೊರಳಿತ್ತು. ಹಿಂಬಾಲಿಸಿದವರಿಗೆ ದಾರಿ ತಪ್ಪಿತ್ತು. ಬರಿಗಾಲು ಮಾತ್ರ ಎಡಕ್ಕೆ, ಮುಳ್ಳುಪೊದೆಯ ಸಂದಿಗೆ ನುಸುಳಿತ್ತು.

ಪೊದೆಯ ಹಿಂದೆ ಒಂದು ಗವಿ. ಹೊಸ್ತಿಲ ಮೇಲೆ ಬಾಡಿದ ಹಸಿರು ಟೊಂಗೆ. ಸಾವಂತ ಅದನ್ನು ಕಂಡು ತುಟಿ ಕಚ್ಚಿದ. ಇದರ ಬಾಗಿಲಲ್ಲೂ ಅವನು ನಿಂತು ಮೂರು ಸಲ ಕೂಗಿ ಹೋಗಿದ್ದ.

ಮುಂದೆ ಚಿಕ್ಕ ಪಡಸಾಲೆ, ಗಾಳಿ ತಂದು ಹಾಕಿದ ಬೂದಿಯಂಥ ಧೂಳು. ಹಿಂದಿನ ಗೋಡೆಯಲ್ಲಿ ಬಗ್ಗಿ ಹೋಗುವಷ್ಟು ಗಿಡ್ಡ ಬಾಗಿಲು. ಅದರೊಳಗೆ ಕತ್ತಲು.

ಮಲಕಾರಿ ಉಸಿರು ಹಿಡಿದು ಕಿವಿಗೊಟ್ಟ.

ಒಳಗಿನಿಂದ ಒಂದು ಕೆಮ್ಮು. ಬಾಯಿಗೆ ಸೆರಗು ಒತ್ತಿಕೊಂಡು ತಡೆಯಲಾರದೆ ಬಂದ ಸಣ್ಣ ಕೆಮ್ಮು.

ಭೂಪಾಲ ಅಲ್ಲೇ ಕುಕ್ಕರಿಸಿ ಅಳತೊಡಗಿದ. ಮಂಗಲ ಮುಂದೆ ನುಗ್ಗಿದಳು. ಮಲಕಾರಿ ಅಡ್ಡ ಕೈ ಹಿಡಿದ.

"ತಡಿ ತಂಗಿ. ಗಂಡಸರ ನೆರಳು ಕಂಡ್ರ ಅಂಜತಾರ. ನೀ ಒಬ್ಬಾಕೀನ ಹೋಗು, ಮೆಲ್ಲಕ ಹೊರಗ ಕರಕೊಂಡು ಬಾ. ನಾ ಬಾಗಲಾ ಕಾಯ್ತೀನಿ. ಯಾಂವ ಬರ್ತಾನ ನೋಡೇ ಬಿಡ್ತೀನಿ."

"ಹೂಂ ಅಜ್ಜಾ."

ಅವಳು ಸೀರೆ ಎತ್ತಿ ಹಿಡಿದು ಧೂಳಿನ ಪಡಸಾಲೆ ದಾಟಿ, ತಲೆ ಬಗ್ಗಿಸಿ, ಕತ್ತಲಲ್ಲಿ ಕರಗಿದಳು.

ಮಲಕಾರಿ ಬಾಗಿಲಿಗೆ ಬೆನ್ನು ಕೊಟ್ಟು ಕಾಡಿನ ಕಡೆ ನಿಂತ. ಸಾವಂತನ ಕೋಲು ಇಸಿದುಕೊಂಡ. ಆ ಗುರುತಿಲ್ಲದವನು ಯಾವ ಪೊದೆಯಿಂದ ಬಂದರೂ ಸರಿ, ಇವತ್ತು ತನ್ನ ಕೈ ದಾಟಿ ಹೋಗಬಾರದು. ಕೋಲನ್ನು ಗಟ್ಟಿಯಾಗಿ ಊರಲು ಜಾಗ ಹುಡುಕಿ ಕೆಳಗೆ ನೋಡಿದ.

ಧೂಳಿನ ಮೇಲೆ ಈಗಷ್ಟೇ ಒಳಗೆ ಹೋದ ಹೆಜ್ಜೆಗಳು. ರಬ್ಬರ್ ಚಪ್ಪಲಿ. ನಡಿಗೆ ಗಿಡ್ಡ. ಎಡಪಾದ ಹೊರಕ್ಕೆ ಒದ್ದಿತ್ತು. ಹೆಬ್ಬೆರಳು ನೆಲ ಕಚ್ಚಿ ಆಳಕ್ಕಿಳಿದಿತ್ತು.

ಒಂದಲ್ಲ. ಬಾಗಿಲ ತನಕ ಐದು ಹೆಜ್ಜೆ. ಐದೂ ಹಾಗೇ.

ಅವನು ಗಿಡ್ಡ ಬಾಗಿಲ ಕಡೆ ಹೊರಳಿದ.

ಕತ್ತಲೊಳಗಿನಿಂದ ಮಂಗಲಳ ಮೆಲುದನಿ ಕೇಳಿಸಿತು.

"ಅಂಜಬ್ಯಾಡ ಅವ್ವಾ. ನನ್ನ ಜೋಡಿ ಯಾರೂ ಬಂದಿಲ್ಲ."